ಕತ್ತೆಯ ಹೊಟ್ಟೆಯ ತಕರಾರು

ಅತ್ತೆಮನೆಗೆ ಹೋಗಿಬರಲು ಮುಂಗುಸಿ ನರಿಯ ಕತ್ತೆಯನ್ನು ಬಾಡಿಗೆಗೆ ಪಡೆದಿತ್ತು. ಹೊಟ್ಟೆ ತುಂಬಿಸಿಯೇ ಹಿಂದಿರುಗಿಸಬೇಕೆಂಬುದು ಕರಾರು. ಮುಂಗುಸಿ ದಾರಿಯುದ್ದಕ್ಕೂ ಮೇಯಿಸಿ, ನರಿಯ ಬಾಗಿಲಲ್ಲಿ ಇನ್ನೊಂದು ಹೊರೆ ಹುಲ್ಲು ತಿನ್ನಿಸಿ, ಹಗ್ಗ ಒಪ್ಪಿಸಿತು.

ನರಿ ಕತ್ತೆಯ ಹೊಟ್ಟೆ ತಟ್ಟಿ, "ಅರ್ಧ ಖಾಲಿಯಿದೆ. ಎರಡು ಹೊರೆ ಹುಲ್ಲು ದಂಡ ಕಟ್ಟಿ," ಎಂದಿತು.

ಮುಂಗುಸಿಗೆ ಮೈಯೆಲ್ಲ ಉರಿಯಿತು. "ಸ್ವಾಮಿ, ಈಗತಾನೇ ನಿಮ್ಮ ಬಾಗಿಲಲ್ಲೇ ತಿಂದಿದೆ. ಬೇಕಾದರೆ ಕತ್ತೆಯನ್ನೇ ಕೇಳಿ."

"ಕತ್ತೆಯ ಮಾತಿಗೇನು ಬೆಲೆ? ನಾನೇ ಪರೀಕ್ಷಿಸುತ್ತೇನೆ," ಎಂದು ನರಿ ಹಿಂಬದಿಗೆ ಹೋಗಿ ಬಗ್ಗಿ ನೋಡಿತು.

ಆ ಮಾತು ಕೇಳಿಸಿಕೊಂಡ ಕತ್ತೆ ಬಾಲ ಎತ್ತಿತು. ನರಿಯ ಮೋರೆ ಕಿವಿಯವರೆಗೂ ಲದ್ದಿಯಲ್ಲಿ ಮುಚ್ಚಿಹೋಯಿತು.

ಮುಂಗುಸಿ ಕೈಮುಗಿದು, "ಇದು ಅರ್ಧ ಹೊಟ್ಟೆಯದೇ ಆದರೆ ದಂಡ ಕಟ್ಟುತ್ತೇನೆ. ತಾವೇ ಅಳೆದು ಹೇಳಿ," ಎಂದಿತು.