ಹಿಡಿಯುಪ್ಪಿನ ಸಾಲು

ಘಟ್ಟದ ನೆತ್ತಿಯ ಮೇಲಿರುವ ಹಿಡಿಯುಪ್ಪಿನ ಸಾಲು ಅಂಥ ಭಾರೀ ಪರ್ವತವೇನಲ್ಲ. ದೊಡ್ಡ ಶಿಖರಗಳನ್ನು ಕಂಡು ಬಂದವರು ‘ಇಷ್ಟೇನಾ?’ ಎಂದು ಮೂಗು ಮುರಿಯುವುದುಂಟು. ಮುರಿಯಲಿ, ಗುಡ್ಡಕ್ಕೇನೂ ನಷ್ಟವಿಲ್ಲ. ಒಂದರ ಬೆನ್ನಿಗೊಂದು ಕೂತ ಬೋಳು ನೆತ್ತಿಗಳು, ಅವುಗಳ ಮಡಿಲಲ್ಲಿ ಗಿಡ್ಡ ಮರಗಳ ಕಾಡು, ಉಳಿದಲ್ಲೆಲ್ಲ ಮೊಣಕಾಲೆತ್ತರದ ಹುಲ್ಲು. ಮೂಡಣಕ್ಕೆ ಸಾವಕಾಶದ ಇಳಿಜಾರು, ಪಡುವಣಕ್ಕೆ ಕತ್ತರಿಸಿದಂಥ ಪ್ರಪಾತ. ನಡುವೆ ನೋಡಲು ಒಂದೇ ತೆರನಾದ ಎರಡು ಕಣಿವೆಗಳಿವೆ. ಒಂದು ಬಯಲುಸೀಮೆಗೆ ಇಳಿಸುತ್ತದೆ. ಇನ್ನೊಂದು ಸುತ್ತು ಬಳಸಿ ಪ್ರಪಾತದ ಅಂಚಿಗೇ ತಂದು ನಿಲ್ಲಿಸುತ್ತದೆ. ಸರಿಯಾದ ಕಣಿವೆಯ ಬಾಯಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಈ ಸಾಲಿಗೆ ಹೆಸರು ಬಂದದ್ದು ಆ ಬಂಡೆಯಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಗಾಡಿರಸ್ತೆಯೂ ಇಲ್ಲದ ಕಾಲದಲ್ಲಿ, ಕರಾವಳಿಯ ಉಪ್ಪು ಎತ್ತುಗಳ ಬೆನ್ನೇರಿ, ಪ್ರಪಾತದ ಮಗ್ಗುಲ ಕಾಲುದಾರಿ ಹತ್ತಿ, ಈ ಕಣಿವೆಯಿಂದಲೇ ಬಯಲುಸೀಮೆಗೆ ಹೋಗುತ್ತಿತ್ತು. ಹಾಗೆ ಉಪ್ಪು ಹೇರುವವರ ಯಜಮಾನ ದುಗ್ಗಪ್ಪ. ಅವನ ಹೆಂಡತಿ ದ್ಯಾವಕ್ಕ. ಕಣಿವೆ ದಾಟುವಾಗಲೆಲ್ಲ ದ್ಯಾವಕ್ಕ ಆ ಬಂಡೆಯ ಮೇಲೆ ಒಂದು ಹಿಡಿ ಉಪ್ಪು ಸುರಿಯುತ್ತಿದ್ದಳು. ಗಂಡನಿಗೆ ಅದು ಕಣ್ಣುರಿ. “ಮಾರೋ ಉಪ್ಪನ್ನ ಕಲ್ಲಿಗೆ ತಿನ್ನಿಸ್ತೀಯಲ್ಲ, ಕಲ್ಲೇನು ನಿನ್ನ ತವರಿನೋರಾ?” ಎಂದು ರೇಗುತ್ತಿದ್ದ. ಅವಳು ಜಗ್ಗುತ್ತಿರಲಿಲ್ಲ. “ನಮ್ಮೆತ್ತು ಇಲ್ಲಿ ಹುಲ್ಲು ಮೇಯ್ತಾವೆ, ನಾವು ಇಲ್ಲಿ ನೀರು ಕುಡೀತೀವಿ. ಗುಡ್ಡಕ್ಕೆ ನಾವು ಏನು ಕೊಟ್ಟಿದೀವಿ ಹೇಳಿ?” ಎನ್ನುತ್ತಿದ್ದಳು.

ಒಂದು ವರ್ಷ ಮಳೆ ಮುಂಚಿತವಾಗಿ ಹಿಡಿಯಿತು. ಹಸಿ ಬಾಣಂತಿ ದ್ಯಾವಕ್ಕನ ಸೊಂಟದ ಜೋಳಿಗೆಯಲ್ಲಿ ಚೊಚ್ಚಲ ಕೂಸು. ಮೇಲೆ ಹತ್ತುವಷ್ಟರಲ್ಲಿ ಮಂಜು ಕವಿದು, ಮುಂದಿನ ಎತ್ತಿನ ಬಾಲ ಹಿಂದಿನವರಿಗೆ ಕಾಣದಾಯಿತು. ಮಂಜಿನಲ್ಲಿ ಉಪ್ಪಿನವರಿಗೆ ಗುರುತು ಒಂದೇ: ಎಡಗಿವಿಗೆ ತೊರೆಯ ಸದ್ದು ಬಿದ್ದರೆ ಅದೇ ಸರಿಯಾದ ಕಣಿವೆ. ದುಗ್ಗಪ್ಪ ಸದ್ದು ಕೇಳಿದ, ಎತ್ತುಗಳನ್ನು ಆ ಕಡೆ ತಿರುಗಿಸಿದ. ಆದರೆ ಆ ಮಳೆಗೆ ಒಣಗಿದ್ದ ಹಳ್ಳಗಳೆಲ್ಲ ಹರಿಯತೊಡಗಿದ್ದು ಅವನ ತಲೆಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮುಂದಾಳು ಎತ್ತು ನಿಂತುಬಿಟ್ಟಿತು. ಅದರ ಗೊರಸಿಗೆ ಸಿಕ್ಕಿದ ಕಲ್ಲೊಂದು ಉರುಳಿತು. ಕೆಳಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ. ದುಗ್ಗಪ್ಪ ಮೂಗುದಾರ ಜಗ್ಗಿ ಎತ್ತನ್ನು ಅಂಚಿನಿಂದ ಹಿಂದೆ ಸರಿಸಿದ. ಹಿಂದಕ್ಕೆ ಹೋಗೋಣವೆಂದರೆ ಬಂದ ದಾರಿ ಯಾವುದು? ಹೇರುಗಳಿಂದ ಉಪ್ಪು ಕರಗಿ ಸೋರುತ್ತಿತ್ತು. ಕೂಸು ಅಳುವುದನ್ನೂ ನಿಲ್ಲಿಸಿತ್ತು; ದ್ಯಾವಕ್ಕನಿಗೆ ಅಳುವಿಗಿಂತ ಆ ಮೌನವೇ ಹೆಚ್ಚು ಭಯ ತಂದಿತು. ಬೆಚ್ಚನೆಯ ಒಲೆಯೊಂದು ಸಿಗದಿದ್ದರೆ ಕೂಸು ಉಳಿಯುವಂತಿರಲಿಲ್ಲ.

ಆಗ ಎಲ್ಲೋ ಹತ್ತಿರದಲ್ಲಿ ಮರದ ಗಂಟೆಯ ಸದ್ದಾಯಿತು. ಮೂಡಣ ಇಳಿಜಾರಿನ ಗೌಳಿಗರ ಎಮ್ಮೆಗಳು ಮೇಯ್ದು ಮನೆಗೆ ಮರಳುತ್ತಿದ್ದವು. ದ್ಯಾವಕ್ಕ ಗಂಡನ ತೋಳು ಹಿಡಿದಳು. “ನಾನು ಉಪ್ಪಿಟ್ಟ ಕಲ್ಲು ಮುಂದಿನ ಸಲಕ್ಕೆ ಬೋಳಾಗಿರುತ್ತಲ್ಲ, ನೆಕ್ಕೋರು ಇವೇ ಕಣ್ರೀ. ನೆಕ್ಕದೆ ಇವು ಮನೆಗೆ ಹೋಗಲ್ಲ. ಬನ್ನಿ!” ಎಂದವಳೇ ಕೊನೆಯ ಎಮ್ಮೆಯ ಬಾಲಕ್ಕೆ ಕೈಹಾಕಿದಳು. ಅವಳ ಸೆರಗು ಹಿಡಿದು ದುಗ್ಗಪ್ಪ, ಅವನ ಹಿಂದೆ ಎತ್ತುಗಳು, ಆಳುಗಳು. ಎಮ್ಮೆಗಳದ್ದು ಎಮ್ಮೆಗಳದ್ದೇ ನಡಿಗೆ. ಯಾರ ಪ್ರಾಣಕ್ಕೂ ಅವು ಅವಸರ ಮಾಡಲಿಲ್ಲ. ಕೊನೆಗೆ ಗಂಟೆ ನಿಂತಿತು. ದ್ಯಾವಕ್ಕ ಕೈಚಾಚಿದಳು, ನಾಲಿಗೆಗಳು ಸವೆಸಿ ನುಣುಪು ಮಾಡಿದ ಕಲ್ಲು ಅಂಗೈಗೆ ತಾಗಿತು. ಅಲ್ಲಿಯೇ ಕೂತು ಗೋಳೋ ಎಂದು ಅತ್ತುಬಿಟ್ಟಳಂತೆ.

ಅಲ್ಲಿಂದಾಚೆ ದಾರಿ ಕಾಲಿಗೆ ಗೊತ್ತಿತ್ತು. ಗೌಳಿಗರ ಹಟ್ಟಿಯಲ್ಲಿ ಮುದುಕಿಯೊಬ್ಬಳು ಕೂಸನ್ನು ಒಲೆಯ ಮುಂದೆ ಮಡಿಲಲ್ಲಿಟ್ಟುಕೊಂಡು ಮೈಯುಜ್ಜಿದಳು. ಅದು ಬಾಯಿಬಿಟ್ಟು ಅತ್ತಾಗ ದುಗ್ಗಪ್ಪ ನಕ್ಕದ್ದು ಹಟ್ಟಿಗೆಲ್ಲ ಕೇಳಿಸಿತು. ಬೆಳಗಾದ ಮೇಲೆ ಅವನು ಉಳಿದ ಉಪ್ಪಿನಲ್ಲಿ ಒಂದು ಹೇರನ್ನೇ ಹೊತ್ತು ಬಂಡೆಯ ಹತ್ತಿರ ಬಂದ. ಬಿಚ್ಚಿ ಸುರಿಯುವವನಿದ್ದ, ದ್ಯಾವಕ್ಕ ತಡೆದಳು. “ಅಷ್ಟು ಬೇಡ, ಎಮ್ಮೆಗಳಿಗೆ ಹೊಟ್ಟೆ ಕೆಡುತ್ತೆ. ಹಿಡಿ ಸಾಕು. ಆದರೆ ತಪ್ಪಿಸಬಾರದು.” ದುಗ್ಗಪ್ಪ ಕೂಸಿನ ಕೈ ಬಿಡಿಸಿ, ಅದರೊಳಗೆ ನಾಲ್ಕು ಹರಳಿಟ್ಟು, ಆ ಪುಟ್ಟ ಹಿಡಿಯನ್ನು ಬಂಡೆಯ ಮೇಲೆ ತಾನೇ ಬಿಚ್ಚಿದ.

ಈಗ ಉಪ್ಪು ಲಾರಿಯಲ್ಲಿ ಬೇರೆ ಘಾಟಿಯಿಂದ ಬರುತ್ತದೆ. ಕಣಿವೆಯ ದಾರಿಯಲ್ಲಿ ಹುಲ್ಲು ಬೆಳೆದಿದೆ. ಆದರೂ ಆಸುಪಾಸಿನವರು ಮೊದಲ ಕೂಸನ್ನು ಎತ್ತಿಕೊಂಡು ಗುಡ್ಡ ಹತ್ತಿ ಬರುತ್ತಾರೆ. ಅಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ. ಬೋಗುಣಿಯಂತೆ ಸವೆದ ಒಂದು ಬಂಡೆ, ಅಷ್ಟೆ. ಕೂಸಿನ ಹಿಡಿಯಲ್ಲಿ ಎಷ್ಟು ನಿಂತರೆ ಅಷ್ಟು ಉಪ್ಪನ್ನು ಅದರಲ್ಲಿ ಬಿಟ್ಟು ಇಳಿಯುತ್ತಾರೆ. ಮರುದಿನ ಹೋಗಿ ನೋಡಿದರೆ ಬಂಡೆ ಬೋಳಾಗಿರುತ್ತದೆ, ಒದ್ದೆಯಾಗಿರುತ್ತದೆ.