ಅರವಟ್ಟಿಗೆಯ ಮಾತು

“ಗುರುಗಳೇ, ಆಸನ ಕಲಿಸುವಾಗ ಶಾಸ್ತ್ರ ಹೇಳಬೇಕೋ, ಹೇಳಬಾರದೋ?”

ನೀಲಾಂಬಿಕೆ ಚಪ್ಪಲಿ ಬಿಟ್ಟು ಜಗಲಿ ಹತ್ತಿದವಳು ಕೂಡುವ ಮೊದಲೇ ಇದನ್ನು ಕೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೊಂದೇ ಪ್ರಶ್ನೆಯನ್ನು ಉರುಹಾಕಿಕೊಂಡು ಬಂದಿದ್ದಳು. ಗುರು ಮಹಾಂತಯ್ಯನವರು ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಮೊದಲು ಕೂತ್ಕೋ ತಾಯಿ. ಶಾಸ್ತ್ರ ಎಲ್ಲಿಗೂ ಓಡಿಹೋಗೋದಿಲ್ಲ,” ಎಂದರು.

ಅವಳು ಕುಳಿತಳು. ದಾವಣಗೆರೆಯ ಒಂದು ಸಮುದಾಯ ಭವನದಲ್ಲಿ ಅವಳು ಬೆಳಗಿನ ಹೊತ್ತು ಯೋಗದ ತರಗತಿ ನಡೆಸುತ್ತಾಳೆ. ಒಬ್ಬರು ಬೆನ್ನುನೋವಿಗೆಂದು ಬರುತ್ತಾರೆ, ಒಬ್ಬರು ಸಕ್ಕರೆ ಕಾಯಿಲೆಗೆಂದು, ಇನ್ನೊಬ್ಬರು ಸೀರೆ ಉಟ್ಟರೆ ಹೊಟ್ಟೆ ಕಾಣುತ್ತದೆಂದು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಅವಳೂ ಒಂದು ಕಾಲಕ್ಕೆ ಕತ್ತುನೋವು ಹೊತ್ತುಕೊಂಡೇ ಮಹಾಂತಯ್ಯನವರ ಬಳಿಗೆ ಬಂದವಳು. ನೋವು ಹೋಯಿತು, ಅವಳು ಹೋಗಲಿಲ್ಲ. ಅವರು ಆಗೊಮ್ಮೆ ಈಗೊಮ್ಮೆ ಆಡಿದ ಮಾತುಗಳು ಅವಳನ್ನು ಕೈಹಿಡಿದು ನಡೆಸಿದ್ದವು. ತನಗೆ ದಕ್ಕಿದ್ದು ತನ್ನನ್ನು ನಂಬಿ ಬಂದವರಿಗೂ ದಕ್ಕಲಿ ಎಂಬುದು ಅವಳ ಆಸೆ. ಬರೀ ಕೈಕಾಲು ಬಗ್ಗಿಸಿ ಕಳಿಸಿದರೆ ಸಿಪ್ಪೆ ಅವರಿಗೆ ಕೊಟ್ಟು ಹಣ್ಣು ತಾನು ತಿಂದಂತೆ ಎಂದು ಅವಳ ಮನಸ್ಸು ಚುಚ್ಚುತ್ತಿತ್ತು.

ಅದಕ್ಕೆಂದು ಅವಳು ಕೊನೆಯ ಶವಾಸನದ ಹೊತ್ತನ್ನು ಆರಿಸಿಕೊಂಡಿದ್ದಳು. ಆಗ ಎಲ್ಲರೂ ಅಂಗಾತ ಮಲಗಿ ಕಣ್ಣು ಮುಚ್ಚಿರುತ್ತಾರೆ. ಪಕ್ಕದವರೊಡನೆ ಮಾತಾಡುವವರಿಲ್ಲ, ಮೊಬೈಲು ನೋಡುವವರಿಲ್ಲ. ಹೇಳಿದ್ದೆಲ್ಲ ನೇರವಾಗಿ ಒಳಗಿಳಿಯುತ್ತದೆ ಎಂದು ಅವಳ ಎಣಿಕೆ.

“ಹೋದ ವಾರ ಚೆನ್ನಾಗಿ ತಯಾರಿ ಮಾಡಿಕೊಂಡು ಹೋಗಿದ್ದೆ ಗುರುಗಳೇ,” ಎಂದಳು. “ಹೆಣದ ಹಾಗೆ ಮಲಗಿ ಅಂದೆ. ಈ ದೇಹ ನೀವಲ್ಲ, ಇದು ಬಿದ್ದುಹೋಗೋ ಮನೆ ಅಂದೆ. ಯಾರೂ ಯಾರಿಗೂ ಸೇರಿದವರಲ್ಲ, ಅಂಟಿಕೊಂಡದ್ದೇ ಅಳುವಿನ ಬೇರು, ಬಿಟ್ಟವನೇ ಯೋಗಿ ಅಂದೆ. ಹೇಳ್ತಾ ಇದ್ದ ಹಾಗೇ ಒಬ್ಬಾಕೆ ಎದ್ದು ಕೂತರು. ಚಾಪೆ ಸುತ್ತಿಕೊಂಡು ಹೊರಟುಹೋದರು. ಅವರ ಮನೇಲಿ ಸಾವಾಗಿ ತಿಂಗಳೂ ಆಗಿರಲಿಲ್ಲವಂತೆ. ಉಳಿದವರು ಆಮೇಲೆ ಹೇಳಿದರು. ಅವತ್ತಿನಿಂದ ಆಕೆ ಬಂದಿಲ್ಲ.”

ಅವಳ ದನಿ ಇಳಿಯಿತು. “ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಂದೊಂದು ಮಾತನ್ನೂ ತಿರುವಿ ಹಾಕಿ ನೋಡಿದೆ. ಎಲ್ಲ ನಿಮ್ಮಿಂದ ಕಲಿತದ್ದೇ. ಹಾಗಂತ ಹೇಳೋದನ್ನೇ ಬಿಟ್ಟು ಬರೀ ವ್ಯಾಯಾಮ ಮಾಡಿಸಲಾ? ಅದಾದರೆ ನನಗೆ ಈ ಕೆಲಸವೇ ಬೇಡ ಅನ್ನಿಸ್ತಿದೆ. ಆಕೆ ಎದ್ದುಹೋದದ್ದು ನೆನಪಾದರೆ ಅನ್ನ ಗಂಟಲಲ್ಲಿ ಇಳಿಯೋದಿಲ್ಲ.”

ಮಹಾಂತಯ್ಯನವರು ಸಮಾಧಾನದ ಮಾತು ಆಡಲಿಲ್ಲ. ಅವರಿಗೆ ಆ ಅಭ್ಯಾಸವೇ ಇಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದರು.

“ಅರವಟ್ಟಿಗೆ ನೋಡಿದ್ದೀಯಾ?”

“ಬೇಸಿಗೇಲಿ ದಾರಿ ಬದಿ ಚಪ್ಪರ ಹಾಕಿ ನೀರು ಕೊಡ್ತಾರಲ್ಲ, ಅದೇ ತಾನೇ?”

“ಅದೇ. ಹಾಗಾದರೆ ಕೇಳು.”

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬನೇ ಮಗ. ಅವನ ಊರಿಗೂ ಪಕ್ಕದ ಪೇಟೆಗೂ ನಡುವೆ ಮರವಿಲ್ಲದ, ಬಾವಿಯಿಲ್ಲದ ಬಯಲು ದಾರಿ. ಒಂದು ಬೇಸಿಗೆಯಲ್ಲಿ ಮಗ ಆ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಬಿಸಿಲು ಬಡಿಯಿತು. ಗುಟುಕು ನೀರು ಸಿಗಲಿಲ್ಲ. ಊರಿನ ಮನೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು, ಬಿದ್ದು, ಪ್ರಾಣ ಬಿಟ್ಟ.

ವ್ಯಾಪಾರಿ ಅಂಗಡಿಯ ಬಾಗಿಲು ಹಾಕಿದ. ಮಾತು ಬಿಟ್ಟ, ಅನ್ನ ಬಿಟ್ಟ. ನೆಂಟರು ಬುದ್ಧಿ ಹೇಳಿ ಹೇಳಿ ಸೋತು ತಮ್ಮ ತಮ್ಮ ಊರಿಗೆ ಹೋದರು. ಕೊನೆಗೆ ಒಬ್ಬ ಸಂನ್ಯಾಸಿ ಬಂದ. ಬಂದವನು ಏನೂ ಹೇಳಲಿಲ್ಲ. ವ್ಯಾಪಾರಿಯ ಪಕ್ಕದಲ್ಲಿ ಕುಳಿತ. ಅವನು ಅತ್ತರೆ ಅಳಲು ಬಿಟ್ಟ, ಬೈದರೆ ಬೈಸಿಕೊಂಡ. ಹೀಗೆ ಎಷ್ಟೋ ದಿನ ಕಳೆದ ಮೇಲೆ, ಒಂದು ಬೆಳಗ್ಗೆ ಹೊರಟು ನಿಂತಾಗ, ಒಂದೇ ಒಂದು ಮಾತು ಹೇಳಿದ: “ನಿನ್ನ ಮಗನೂ ದಾರಿಹೋಕ, ನೀನೂ ದಾರಿಹೋಕ. ಒಂದಷ್ಟು ದೂರ ಜೊತೆಯಾಗಿ ನಡೆದಿರಿ.”

ಆ ಮಾತು ವ್ಯಾಪಾರಿಗೆ ಊರುಗೋಲಾಯಿತು. ಅದನ್ನು ಹಿಡಿದು ಎದ್ದ. ಸ್ನಾನ ಮಾಡಿದ, ಉಂಡ. ಮಗ ಬಿದ್ದ ಜಾಗಕ್ಕೆ ಹೋಗಿ ಅಲ್ಲೊಂದು ಚಪ್ಪರ ಹಾಕಿಸಿದ. ಮರಳಿನ ಮೇಲೆ ಮಣ್ಣಿನ ಗುಡಾಣಗಳನ್ನು ಸಾಲಾಗಿ ಇಡಿಸಿದ. ದಿನಾ ಬೆಳಗ್ಗೆ ಗಾಡಿಯಲ್ಲಿ ನೀರು ತರಿಸಿ ತುಂಬಿಸಿದ. ಆಳುಗಳನ್ನು ನೇಮಿಸಲಿಲ್ಲ. ಗಿಂಡಿ ಹಿಡಿದು ತಾನೇ ನಿಂತ.

ಅಲ್ಲಿ ಲೋಟ ಕೊಡುವ ಪದ್ಧತಿ ಇರಲಿಲ್ಲ. ದಾರಿಹೋಕ ಬಗ್ಗಿ ನಿಂತು ಎರಡು ಕೈ ಸೇರಿಸಿ ಬೊಗಸೆ ಮಾಡಿ ಬಾಯಿಗೆ ಹಿಡಿಯಬೇಕು. ನೀರು ಕೊಡುವವನು ಗಿಂಡಿ ಎತ್ತಿ ಮೇಲಿನಿಂದ ಸುರಿಯಬೇಕು.

ಕೆಲವು ದಿನ ಹೀಗೆ ನಡೆಯಿತು. ಆಮೇಲೆ ವ್ಯಾಪಾರಿಗೆ ಒಂದು ವಿಚಾರ ಬಂತು. ನೀರು ಮುಂದಿನ ಊರಿನ ತನಕ ಸಾಕಾಗುತ್ತದೆ. ಸಂನ್ಯಾಸಿಯ ಮಾತು ಸಾಯುವ ತನಕ ಸಾಕಾಗುತ್ತದೆ. ನೀರು ಕೊಟ್ಟು ಮಾತನ್ನು ಬಚ್ಚಿಟ್ಟುಕೊಂಡರೆ ತನಗಿಂತ ಜಿಪುಣ ಯಾರು? ಅಂದಿನಿಂದ ಅವನು ನೀರಿನ ಜೊತೆಗೆ ಮಾತನ್ನೂ ಕೊಡತೊಡಗಿದ.

“ಅದರಲ್ಲಿ ತಪ್ಪೇನು ಗುರುಗಳೇ?” ಎಂದಳು ನೀಲಾಂಬಿಕೆ.

“ತಪ್ಪು ಅಂತ ನಾನೆಲ್ಲಿ ಅಂದೆ? ಕತೆ ಕೇಳು,” ಎಂದರು ಮಹಾಂತಯ್ಯನವರು.

ಬಂದವನು ಬೊಗಸೆ ಬಾಯಿಗೆ ಹಿಡಿದ ಕೂಡಲೇ ವ್ಯಾಪಾರಿ ಸುರಿಯಲು ಶುರುಮಾಡುತ್ತಿದ್ದ, ಹೇಳಲೂ ಶುರುಮಾಡುತ್ತಿದ್ದ. ಸಂನ್ಯಾಸಿ ಹೇಳಿದ್ದು ಒಂದೇ ಮಾತು. ಅದು ವ್ಯಾಪಾರಿಯ ಬಾಯಲ್ಲಿ ದಿನೇ ದಿನೇ ಬೆಳೆಯಿತು. ವ್ಯಾಪಾರಿಯಲ್ಲವೇ, ಇದ್ದ ಸರಕಿನ ಮೇಲೆ ಒಂದಿಷ್ಟು ಕೊಸರು ಹಾಕಿ ಕೊಡುವ ಅಭ್ಯಾಸ. ದೇಹ ಎಂದರೇನು, ಜೀವ ಎಂದರೇನು, ಈ ದಾರಿ ಎಲ್ಲಿಂದ ಎಲ್ಲಿಗೆ, ಎಲ್ಲವೂ ಅದಕ್ಕೆ ಸೇರಿಕೊಂಡವು. ಹೇಳುತ್ತ ಹೇಳುತ್ತ ಅವನಿಗೆ ಮಗನ ಮುಖ ಕಾಣುತ್ತಿತ್ತು. ಕಾಣುತ್ತಲೇ ಅವನು ಕಣ್ಣು ಮುಚ್ಚುತ್ತಿದ್ದ. ಕೈ ತನ್ನಷ್ಟಕ್ಕೆ ಸುರಿಯುತ್ತಿತ್ತು.

ಕುಡಿದವರು ಮುಖ ಒರೆಸಿಕೊಂಡು ಹೂಂಗುಟ್ಟಿ ಹೋಗುತ್ತಿದ್ದರು. ಬಾಯಾರಿದವನು ನೀರು ಕೊಟ್ಟವನ ಯಾವ ಮಾತಿಗೂ ಹೂಂ ಅನ್ನುತ್ತಾನೆ. ವ್ಯಾಪಾರಿಗೆ ಇದು ಹೊಳೆಯಲಿಲ್ಲ. ತನ್ನ ಮಾತು ನಾಡಿಗೆಲ್ಲ ಹಬ್ಬುತ್ತಿದೆ ಎಂದು ಅವನು ಸಂತೋಷಪಟ್ಟ. ಅಷ್ಟರಲ್ಲಿ ಕೆಲವರು ಮನೆಯಿಂದಲೇ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಬರತೊಡಗಿದರು. ಕೆಲವರು ಚಪ್ಪರ ಕಂಡೊಡನೆ ಮುಳ್ಳಿನ ಹಳ್ಳಕ್ಕೆ ಇಳಿದು ಬಳಸಿಕೊಂಡು ಹೋದರು. ಇವರಿಗೆ ನೀರು ಬೇಕು, ನಿಜ ಬೇಡ ಎಂದು ವ್ಯಾಪಾರಿ ಸಿಟ್ಟಾದ. ಸಿಟ್ಟಾದವನು ಉಳಿದವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಹೇಳಿದ.

ಒಂದು ನಡುಮಧ್ಯಾಹ್ನ ಒಬ್ಬ ರೈತ ಬಂದ. ಓಡಿದವನಂತೆ ಏದುಸಿರು ಬಿಡುತ್ತಿದ್ದ. ತುಟಿ ಒಡೆದಿತ್ತು. ಮಾತಾಡದೆ ಬಗ್ಗಿ ಬೊಗಸೆ ಒಡ್ಡಿದ. ವ್ಯಾಪಾರಿ ಗಿಂಡಿ ಎತ್ತಿದ, ಮಾತು ಎತ್ತಿದ, ಕಣ್ಣು ಮುಚ್ಚಿದ. ರೈತ ಆತುರದಲ್ಲಿ ಎರಡು ಗುಟುಕು ಇಳಿಸಿದ. ಮೂರನೆಯದಕ್ಕೆ ನೀರು ನೆತ್ತಿಗೇರಿತು. ಅವನು ತಲೆ ಅಲ್ಲಾಡಿಸಿದ. ಸಾಕು ಎನ್ನಲು ಬಾಯಿ ಖಾಲಿ ಇಲ್ಲ, ಕೈ ತೋರಿಸಲು ಕೈ ಖಾಲಿ ಇಲ್ಲ. ಮೇಲಿನಿಂದ ನೀರು ಸುರಿಯುತ್ತಲೇ ಇತ್ತು. ರೈತ ಮಂಡಿಯೂರಿ ಬಿದ್ದ.

ಬಿದ್ದ ಸದ್ದಿಗೆ ವ್ಯಾಪಾರಿ ಕಣ್ಣು ತೆರೆದ. ರೈತನ ಮುಖ ಕಪ್ಪಿಟ್ಟಿತ್ತು. ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಮಗ ನೀರಿಲ್ಲದೆ ಸತ್ತ ನೆಲ ಅದು. ಅದೇ ನೆಲದ ಮೇಲೆ ಇವನು ತನ್ನ ಕೈನೀರಿನಿಂದ ಸಾಯುತ್ತಿದ್ದಾನೆ ಎಂದು ವ್ಯಾಪಾರಿಯ ಎದೆ ಒಡೆಯಿತು. ಗಿಂಡಿ ಕೈಯಿಂದ ಜಾರಿತು. ಅವನನ್ನು ತಬ್ಬಿ ಹಿಡಿದು ನೆತ್ತಿ ತಟ್ಟಿದ, ಬೆನ್ನು ನೀವಿದ. ದೇಹ, ಜೀವ, ದಾರಿ, ಒಂದೂ ಬಾಯಿಗೆ ಬರಲಿಲ್ಲ. “ಮಗಾ, ಮಗಾ,” ಎಂದಷ್ಟೇ ಬಂತು.

ರೈತ ಕೆಮ್ಮಿದ. ಉಸಿರು ಬಂತು. ಕಣ್ಣೀರು ಒರೆಸಿಕೊಂಡು ಮೆಲ್ಲಗೆ ಹೇಳಿದ: “ಯಜಮಾನರೇ, ಬಾಯಾರಿಕೆ ಇನ್ನೂ ಹೋಗಿಲ್ಲ.”

ವ್ಯಾಪಾರಿ ಗಿಂಡಿಯನ್ನು ತೊಳೆದು ಮತ್ತೆ ತುಂಬಿದ. ಈ ಸಲ ಸಣ್ಣ ಧಾರೆಯಾಗಿ ಬಿಟ್ಟ. ಕಣ್ಣನ್ನು ರೈತನ ಗಂಟಲ ಮೇಲೆ ಇಟ್ಟ. ಗಂಟಲು ಏರಿ ಇಳಿಯುವ ತನಕ ಕಾದ. ಇಳಿದ ಮೇಲೆ ಇನ್ನಷ್ಟು ಬಿಟ್ಟ. ರೈತ ತಲೆ ಅಲ್ಲಾಡಿಸುವ ಮೊದಲೇ ಸಾಕೆನ್ನುವುದು ವ್ಯಾಪಾರಿಗೆ ತಿಳಿಯಿತು. ಇಷ್ಟು ದಿನ ಎಷ್ಟು ಗುಡಾಣ ಖಾಲಿ ಮಾಡಿದ್ದರೂ ಒಬ್ಬರ ಗಂಟಲನ್ನೂ ಅವನು ನೋಡಿರಲಿಲ್ಲ. ಆ ಹೊತ್ತು ಅವನಿಗೆ ತನ್ನ ಮಗನಿಗೇ ನೀರು ಕುಡಿಸಿದಷ್ಟು ಹಿತವಾಯಿತು. ಅವನು ಅಳುತ್ತಿದ್ದ, ಆದರೆ ಕಣ್ಣು ಮುಚ್ಚಿರಲಿಲ್ಲ.

ರೈತ ಎದ್ದುಹೋಗಲಿಲ್ಲ. ಚಪ್ಪರದ ಕೆಳಗೆ ಕುಳಿತ. ತುಸು ಹೊತ್ತಿನ ಮೇಲೆ, “ಹೆಂಡತಿಯನ್ನು ಮಣ್ಣು ಮಾಡಿ ಬರುತ್ತಿದ್ದೇನೆ ಯಜಮಾನರೇ. ಮನೆ ಕಡೆ ಕಾಲು ಹೋಗುತ್ತಿಲ್ಲ,” ಎಂದ. ವ್ಯಾಪಾರಿ ಅವನ ಪಕ್ಕದಲ್ಲಿ ಕುಳಿತ. ಅವಳು ಹೇಗಿದ್ದಳು, ಯಾವುದಕ್ಕೆ ನಗುತ್ತಿದ್ದಳು, ಎಲ್ಲವನ್ನೂ ರೈತ ಹೇಳಿದ. ವ್ಯಾಪಾರಿ ಎಲ್ಲವನ್ನೂ ಕೇಳಿದ. ಹೊತ್ತು ಇಳಿದ ಮೇಲೆ ರೈತ ತಾನಾಗಿಯೇ ಎದ್ದು ಮನೆಯ ಕಡೆಗೆ ನಡೆದ. ವ್ಯಾಪಾರಿ ಒಂದಿಷ್ಟು ದೂರ ಜೊತೆಗೆ ಹೋಗಿ ಬಂದ.

ಮಹಾಂತಯ್ಯನವರು ಇಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ಆಮೇಲೆ ಅವನು ಆ ಮಾತನ್ನ ಯಾರಿಗೂ ಹೇಳಲೇ ಇಲ್ಲವೇ ಗುರುಗಳೇ?”

“ಹೇಳಿದ. ಹೇಳದೆಯೂ ಇದ್ದ. ಯಾವತ್ತು ಹೇಳಿದೆ, ಯಾವತ್ತು ಬಿಟ್ಟೆ ಅನ್ನೋದು ಅವನಿಗೇ ನೆನಪು ಉಳೀಲಿಲ್ಲ. ಹಳ್ಳಕ್ಕೆ ಇಳಿದು ಹೋಗ್ತಿದ್ದವರು ಮಾತ್ರ ಮತ್ತೆ ಚಪ್ಪರದ ದಾರಿಗೆ ಬಂದರು.”

ನೀಲಾಂಬಿಕೆಯ ಎದೆಯ ಭಾರ ಇಳಿಯಿತು. ದಾರಿ ಕಂಡಿತು ಎನ್ನುವ ಸಂತೋಷದಲ್ಲಿ ಅವಳು ನೆಟ್ಟಗೆ ಕುಳಿತಳು.

“ತಿಳೀತು ಗುರುಗಳೇ. ನಾಳೆಯಿಂದ ಮೊದಲು ಆಸನ, ಉಸಿರು. ಶಾಸ್ತ್ರ ಕಡೆಗೆ, ಅದೂ ಕೇಳಿದವರಿಗೆ ಮಾತ್ರ. ಊರಿಗೆ ಹೋದ ಕೂಡಲೇ ಆಕೆ ಮನೆಗೂ ಹೋಗ್ತೀನಿ. ಅವತ್ತು ನಾನು ಹೇಳಿದ್ದರ ನಿಜವಾದ ಅರ್ಥ ಏನು ಅಂತ ಕೂತು ಬಿಡಿಸಿ ಹೇಳಿ ಬರ್ತೀನಿ.”

ಮಹಾಂತಯ್ಯನವರು ಅವಳನ್ನೇ ನೋಡಿದರು. ಆ ನೋಟದಲ್ಲಿ ಬೇಸರ ಇರಲಿಲ್ಲ, ಅಕ್ಕರೆಯೇ ಇತ್ತು.

“ಆಕೆ ಕಳಕೊಂಡದ್ದು ಯಾರನ್ನ, ತಾಯಿ?”

ನೀಲಾಂಬಿಕೆ ಬಾಯಿ ತೆರೆದಳು. ಅದನ್ನು ಅವಳು ಯಾರಲ್ಲೂ ಕೇಳಿರಲೇ ಇಲ್ಲ.