ಕುಡಿದುತೋರಿದವ್ವನ ಛತ್ರ

ಕೆಂಡಗಲ್ಲು ಬೆಟ್ಟಸಾಲಿನಲ್ಲಿ ನೆರಳು ಬೇಕೆಂದರೆ ಬಂಡೆಯ ಮಗ್ಗುಲಿಗೆ ಹೋಗಿ ಕೂರಬೇಕು, ಮರದ ಮಾತು ಎತ್ತುವ ಹಾಗಿಲ್ಲ. ಕಳ್ಳಿ, ಜಾಲಿ, ಕಾದ ಕಲ್ಲು, ಗಾಳಿ ಬೀಸಿದರೆ ಕಣ್ಣಿಗೆ ಮರಳು, ಇಷ್ಟೇ ಇಲ್ಲಿಯ ಸಂಪತ್ತು. ಇಂಥ ಘಾಟಿಯ ನೆತ್ತಿಯಲ್ಲಿ, ರಸ್ತೆ ಕೊನೆಯ ತಿರುವು ತೆಗೆದುಕೊಳ್ಳುವಲ್ಲಿ, ಕಲ್ಲಿನ ಹಳೆಯ ಛತ್ರವೊಂದಿದೆ. ಬಾಗಿಲ ಮೇಲೆ 'ಕುಡಿದುತೋರಿದವ್ವನ ಛತ್ರ, ಸೈಕಲ್ ಸವಾರರಿಗೆ ತಂಗಲು ಸ್ಥಳವಿದೆ' ಎಂದು ಬರೆದಿದ್ದಾರೆ. ಹೆಸರು ಓದಿ ಸಾರಾಯಿ ಅಂಗಡಿ ಇರಬೇಕೆಂದು ಮೂಗು ಮುರಿದು ಮುಂದೆ ಹೋದವರೂ ಉಂಟು, ಅದೇ ಆಸೆಯಿಂದ ಒಳಗೆ ನುಗ್ಗಿ ಪೆಚ್ಚಾದವರೂ ಉಂಟು. ಹಿಂದೆ ಹೇರೆತ್ತುಗಳನ್ನು ಕಟ್ಟುತ್ತಿದ್ದ ಗೋಡೆಯ ಕಬ್ಬಿಣದ ಬಳೆಗಳಿಗೆ ಈಗ ಸೈಕಲ್ಲುಗಳನ್ನು ಸರಪಳಿ ಹಾಕಿ ಬಿಗಿಯುತ್ತಾರೆ. ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲುಬಾನಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಎಲ್ಲಿದೆಯೆಂದು ಗುಳ್ಳೆ ನೋಡುತ್ತಾರೆ. ನಾನು ಈ ಘಾಟಿಯ ರಸ್ತೆಗೆ ಆಯುಷ್ಯವೆಲ್ಲ ಜಲ್ಲಿ ಹಾಕಿಸಿದ ಮೇಸ್ತ್ರಿ. ಬಸ್ಸಿಗೆ ಕಾಸಿದ್ದೂ ಈ ಏರನ್ನು ಸೈಕಲ್ ತುಳಿದು ಹತ್ತುವವರ ತಲೆ ನೆಟ್ಟಗಿದೆಯೇ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ.

ಆದರೆ ಅವರಿಗೆ ನಮ್ಮ ಮೇಲೆ ಬರುವ ಅನುಮಾನ ಇನ್ನೂ ದೊಡ್ಡದು. ಛತ್ರ ನೋಡಿಕೊಳ್ಳುವ ಗುರುಶಾಂತಪ್ಪ, ಬಂದವರ ಬಾಟಲಿಯನ್ನು ಕೇಳದೆಯೇ ಕೈಗೆ ತೆಗೆದುಕೊಳ್ಳುತ್ತಾನೆ. ಒಳಗಿನ ನೀರನ್ನು ಚೆಲ್ಲಿ, ಬಾಟಲಿಯನ್ನು ಮೂಸಿ, ಬೂದಿ ಹಾಕಿ ತೊಳೆದು, ಬಾವಿಯ ನೀರು ತುಂಬುತ್ತಾನೆ. ಆಮೇಲೆ ತುಟಿಗೆ ತಾಗಿಸದೆ ಎತ್ತಿ ಹಿಡಿದು, ತಾನೇ ಮೊದಲು ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಕೊಡುತ್ತಾನೆ. ಹೋದ ವಾರ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು, ಬಿಸಿಲಿಗೆ ಮುಖ ಕೆಂಪಗಾಗಿ ಬಂದವಳು, ಬಾಟಲಿಯನ್ನು ಕಿತ್ತುಕೊಂಡೇಬಿಟ್ಟಳು. "ಏನ್ರೀ ಇದು? ನನ್ನ ಬಾಟಲಿ ನೀವ್ಯಾಕ್ ಕುಡೀತೀರಿ? ಇದರಾಗ ಏನ್ ಹಾಕೀರಿ?" ಎಂದಳು. ಗುರುಶಾಂತಪ್ಪ ಬೈಸಿಕೊಂಡು ಮತ್ತೆ ಕೊಡವನ್ನು ಬಾವಿಗೆ ಇಳಿಸಿದ. ಮಾತಾಡಿದವನು ಜಗಲಿಯ ಮೇಲಿದ್ದ ನಾನೇ. "ಕೂತ್ಕೋ ತಾಯಿ. ಅನುಮಾನ ಪಡೋದಕ್ಕೆ ಇಲ್ಲಿ ನೀನೇ ಮೊದಲಲ್ಲ. ನಿನಗಿಂತ ದೊಡ್ಡ ಅನುಮಾನದವನೊಬ್ಬ ಬಂದುಹೋಗಿದ್ದಾನೆ" ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಗಾರರು ಆಳುತ್ತಿದ್ದ ಕಾಲದಲ್ಲಿ, ಈ ಛತ್ರವನ್ನು ಬೋರಮ್ಮ ಎಂಬ ವಿಧವೆ ನೋಡಿಕೊಳ್ಳುತ್ತಿದ್ದಳು ಎನ್ನುತ್ತಾರೆ. ಬೆಟ್ಟದ ಆ ಬದಿಯಿಂದ ಈ ಬದಿಯ ತನಕ ಕುಡಿಯುವ ನೀರಿದ್ದದ್ದು ಅವಳ ಅಂಗಳದ ಬಾವಿಯೊಂದರಲ್ಲೇ. ಆ ನೀರೂ ತುಸು ಸವಳು. ಕೆಳಗಿನ ಊರುಗಳವರು ಅದನ್ನೇ ಹಿಗ್ಗಿಸಿ ಬೆಟ್ಟದ ನೀರು ಕಹಿ ಎಂದು ಆಡಿಕೊಳ್ಳುತ್ತಿದ್ದರು. ಬೋರಮ್ಮ ಬಂದವರಿಗೆ ನೀರು ಸೇದಿ ಕೊಡುತ್ತಿದ್ದಳು, ಅಂಬಲಿ ಕಾಸುತ್ತಿದ್ದಳು, ಇಷ್ಟು ಕೊಡಿ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಜನಕ್ಕೆ ಅಷ್ಟು ಸಾಕಲ್ಲ! ಒಂಟಿ ಹೆಂಗಸು, ಹಕ್ಕಿಯೂ ಕೂರದ ಬೆಟ್ಟ, ಕೇಳದೆ ಕೊಡುವ ಅಂಬಲಿ. ಇವಳಿಗೆ ಇದರಲ್ಲಿ ಏನು ಸಿಗುತ್ತದೆ, ಒಳಕೋಣೆಯಲ್ಲಿ ಏನು ಬಚ್ಚಿಟ್ಟಿದ್ದಾಳೆ, ಬಂದವರೆಲ್ಲ ನೆಟ್ಟಗೆ ಹಿಂದಿರುಗುತ್ತಾರೋ ಇಲ್ಲವೋ ಎಂದು ಸಂತೆಯಲ್ಲಿ ಗುಸುಗುಸು ಇದ್ದೇ ಇತ್ತು. ಅವಳ ಅಂಬಲಿ ಕುಡಿದವರೇ ಆ ಮಾತನ್ನು ಹೆಚ್ಚು ಆಡುತ್ತಿದ್ದರಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಒಂದು ಬೇಸಿಗೆಯಲ್ಲಿ ಕಂಬಳಿ, ಮೆಣಸಿನಕಾಯಿ ಹೇರಿಕೊಂಡು ಸಿದ್ಧಿಸೆಟ್ಟಿ ಎಂಬ ವರ್ತಕ ಆಳುಗಳೊಂದಿಗೆ ಘಾಟಿ ಹತ್ತಿದ. ಜೊತೆಯಲ್ಲಿ ತಮ್ಮ ಚಂದಯ್ಯ ಇದ್ದ. ಆ ತಮ್ಮನಿಗೆ ಅದು ಮೊದಲನೆಯ ವ್ಯಾಪಾರದ ದಾರಿ. ತಂದೆ ತಾಯಿ ಹೋದಮೇಲೆ ಸಿದ್ಧಿಸೆಟ್ಟಿಯೇ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು. ಆಗ ದಾರಿಯ ನೀರಿಗೆ ಬಾಟಲಿ ಎಲ್ಲಿಂದ ಬರಬೇಕು, ಒಣಗಿಸಿದ ಸೋರೆಬುರುಡೆಯೇ ಗತಿ. ಅಣ್ಣನ ಹೆಗಲಲ್ಲಿ ವರ್ಷಗಳಿಂದ ಬಳಸಿದ ಹಳೆಯ ಬುರುಡೆ ಇತ್ತು. ತಮ್ಮನ ಹೆಗಲಲ್ಲಿ ಹೊಸದು, ಅಣ್ಣ ತನ್ನ ಹಿತ್ತಲ ಬಳ್ಳಿಯಿಂದಲೇ ಕೊಯ್ದು, ಒಣಗಿಸಿ, ಕೆಂಪು ದಾರ ಕಟ್ಟಿ ಕೊಟ್ಟದ್ದು. ಇಬ್ಬರೂ ಬೋರಮ್ಮನ ಕೈಯಿಂದ, ಒಂದೇ ಕೊಡದಿಂದ ನೀರು ತುಂಬಿಸಿಕೊಂಡು, ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಇಳಿಜಾರಿಗೆ ಹೊರಟರು. ಬಿಸಿಲೇರಿದ ಹಾಗೆ ಚಂದಯ್ಯ ಗಟಗಟ ಕುಡಿದ. ಕಹಿ ಎನಿಸಿದರೂ ಬೆಟ್ಟದ ನೀರೇ ಹೀಗೆ ಎಂದು ಕೇಳಿದ್ದನಲ್ಲ, ಮತ್ತೆ ಮತ್ತೆ ಕುಡಿದ. ನಡು ಹಾದಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದು ರಕ್ತ ಕಾರಿದ. ಹೊತ್ತು ತಂದು ಛತ್ರದ ಜಗಲಿಯ ಮೇಲೆ ಮಲಗಿಸಿದರು. "ನೀರು ಕಹಿ ಇತ್ತಣ್ಣಾ" ಎಂದಷ್ಟೇ ಹೇಳಿ ಅಣ್ಣನ ತೊಡೆಯ ಮೇಲೆ ಪ್ರಾಣ ಬಿಟ್ಟ.

ಇನ್ನು ಕೇಳಬೇಕೆ? ಸಂತೆಯಲ್ಲಿ ಕೇಳಿದ ಗುಸುಗುಸು ಎಲ್ಲವೂ ಸಿದ್ಧಿಸೆಟ್ಟಿಯ ಕಣ್ಣಿಗೆ ಸತ್ಯವಾಗಿ ಕಂಡಿತು. ಇವಳೇ ವಿಷ ಹಾಕಿದ್ದಾಳೆ, ಈ ಬಾವಿಯೇ ಮಸಣದ ಬಾಯಿ ಎಂದು ಕಿರುಚಿದ. ಆಳುಗಳು ಬಾವಿ ಮುಚ್ಚಲು ಕಲ್ಲು ತಂದು ಕಟ್ಟೆಯ ಮೇಲೆ ಪೇರಿಸತೊಡಗಿದರು. ಅದೇ ಕೊಡದ ನೀರನ್ನು ನೀವೂ ಕುಡಿದಿರಲ್ಲ ಎಂದು ಬೋರಮ್ಮ ಕೇಳಿದ್ದಕ್ಕೆ, ಚಿಕ್ಕವನೆಂದು ಅವನಿಗೆ ಮಾತ್ರ ಕಣ್ಣು ತಪ್ಪಿಸಿ ಹಾಕಿದ್ದೀಯ ಎಂದ. ಅನುಮಾನ ಹೊಕ್ಕ ತಲೆಗೆ ಎಲ್ಲದಕ್ಕೂ ಉತ್ತರ ಸಿದ್ಧವಿರುತ್ತದೆ. ಅವಳು ಚಂದಯ್ಯನ ಬುರುಡೆಯನ್ನು ಎತ್ತಿ ಅಲ್ಲಾಡಿಸಿದಳು. ತಳದಲ್ಲಿ ಇನ್ನಷ್ಟು ನೀರಿತ್ತು. ಒಂದು ಹನಿಯನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು ಥೂ ಎಂದು ಉಗಿದಳು. ಕಹಿ ಸೋರೆ! ನಮ್ಮ ಕಡೆ ಹೊಸ ಬುರುಡೆಯನ್ನು ಒಳತಿರುಳು ಕೆರೆದು, ದಿನವೂ ನೀರು ಬದಲಿಸುತ್ತ, ಕಹಿ ಪೂರ್ತಿ ಬಿಡುವ ತನಕ ನೆನೆಹಾಕುತ್ತಾರೆ. ಹಾಗೆ ಮಾಡದ ಕಹಿ ಸೋರೆಯ ಬುರುಡೆಯಲ್ಲಿ ನಿಂತ ನೀರು ವಿಷವೇ ಸೈ.

"ಇದನ್ನ ಎಷ್ಟು ದಿನ ನೆನೆಹಾಕಿದ್ರಿ ಯಜಮಾನ್ರೇ?" ಎಂದು ಅವಳು ಕೇಳಿದಳು.

ಸಿದ್ಧಿಸೆಟ್ಟಿ ಹೊರಡುವ ಗಡಿಬಿಡಿಯಲ್ಲಿ ಒಮ್ಮೆ ತೊಳೆದು ದಾರ ಕಟ್ಟಿದ್ದನಂತೆ. ಬುರುಡೆಯ ತಪ್ಪೆಂದರೆ ತಮ್ಮನನ್ನು ಕೊಂದದ್ದು ತನ್ನದೇ ಕೈ ಎಂದಾಗುತ್ತದೆ; ಅದನ್ನು ಯಾವ ಅಣ್ಣ ತಾನೇ ನುಂಗಿಕೊಂಡಾನು? ನಾಲಿಗೆಗೆ ಹಚ್ಚಿ ನೋಡಿ ಎಂದು ಅವಳು ಚಾಚಿದರೆ, ನನ್ನನ್ನೂ ಕೊಲ್ಲಬೇಕೇನೇ ಎಂದು ಹಿಂದೆ ಸರಿದ. ಅವನ ಮುಖ ನೋಡಿಯೇ ಬೋರಮ್ಮನಿಗೆ ಎಲ್ಲವೂ ತಿಳಿಯಿತು ಎನ್ನುತ್ತಾರೆ. ಇವನಿಗೆ ಗೊತ್ತಾಗಿದೆ, ಗೊತ್ತಾಗಿರುವುದರಿಂದಲೇ ಒಪ್ಪಲಾರ ಎಂದು. ಅವಳು ಎಲ್ಲರ ಎದುರಿಗೆ ಬಾವಿಯಿಂದ ಒಂದು ಕೊಡ ಸೇದಿದಳು. ಅದರಿಂದ ತಾನು ಹೊಟ್ಟೆ ತುಂಬ ಕುಡಿದಳು. ಮಿಕ್ಕ ನೀರನ್ನು ಅದೇ ಬುರುಡೆಗೆ ತುಂಬಿ, ಸೆಟ್ಟಿಯ ಕಣ್ಣೆದುರಿಗೇ ಜಗಲಿಯ ಗೂಟಕ್ಕೆ ನೇತುಹಾಕಿದಳು. ಹೊತ್ತು ಇಳಿಯಿತು. ಅವಳಿಗೆ ಏನೂ ಆಗಲಿಲ್ಲ. ಆಳೊಬ್ಬ ಬುರುಡೆಯಿಂದ ತುಸು ನೀರನ್ನು ಅಂಗಳದ ಆಡಿನ ಮುಂದೆ ಸುರಿದ. ಆಡು ಮೂಸಿ ಮುಖ ತಿರುಗಿಸಿತು. ಜನ ಕಂಡು ಬೆದರಿದೆ, ಅದಕ್ಕೇ ಕುಡಿಯುತ್ತಿಲ್ಲ ಎಂದ ಸೆಟ್ಟಿ. ಆಡಿಗೆ ಇದ್ದ ಬುದ್ಧಿಯೂ ಆ ಹೊತ್ತಿಗೆ ಅವನಿಗಿರಲಿಲ್ಲ, ಪಾಪ, ದುಃಖದಲ್ಲಿದ್ದ ಎಂದು ಬಿಟ್ಟುಬಿಡೋಣ.

ಆಗ ಬೋರಮ್ಮ ಬುರುಡೆಯನ್ನು ಕೈಗೆ ತೆಗೆದುಕೊಂಡಳು. "ಬಾವಿ ನೀರು ಕುಡಿದು ನಿಂತಿದೀನಿ, ನೋಡ್ತಾ ಇದ್ದೀರಿ. ಈಗ ಇದನ್ನ ಕುಡೀತೀನಿ. ನಾನು ಬೀಳದಿದ್ರೆ ಬುರುಡೇದು ತಪ್ಪಿಲ್ಲ, ಬಾವಿ ಮುಚ್ಚಿ, ನಾನೇ ಕಲ್ಲು ಹೊರ್ತೀನಿ. ಬಿದ್ರೆ ಬಾವಿ ಬಿಡ್ರಿ. ಈ ನೀರಿಲ್ಲಾಂದ್ರೆ ಘಾಟಿ ಹತ್ತೋರು ದಾರೀಲೇ ಸಾಯ್ತಾರೆ" ಎಂದಳು. ಬೇಡ ಎನ್ನಲು ಸಿದ್ಧಿಸೆಟ್ಟಿಗೆ ಅಲ್ಲಿ ಸಮಯವಿತ್ತು. ಒಂದು ಮಾತು ಸಾಕಿತ್ತು. ಅವನು ಆಡಲಿಲ್ಲ. ಅವಳು ಬುರುಡೆ ಎತ್ತಿ, ತಳ ಒಣಗುವಷ್ಟು ಕುಡಿದು, ಅದನ್ನು ಅವನ ಕಾಲ ಬಳಿ ಇಟ್ಟು, ತನ್ನ ಒಳಕೋಣೆಯ ಬಾಗಿಲನ್ನು ತೆರೆದು ಕೂತಳು. ಊರೆಲ್ಲ ಅನುಮಾನಿಸಿದ ಆ ಕೋಣೆಯಲ್ಲಿ ಒಂದು ಚಾಪೆ, ಒಂದು ಒನಕೆ, ಅರ್ಧ ಮೊರ ನವಣೆ ಇತ್ತಂತೆ. ಬೆಳಕು ಹರಿಯುವುದರೊಳಗೆ ಚಂದಯ್ಯ ಹೋದ ಹಾಗೆಯೇ ಅವಳೂ ಹೋದಳು.

ಸಿದ್ಧಿಸೆಟ್ಟಿ ಕಟ್ಟೆಯ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ತಾನೇ ಇಳಿಸಿದ. ಆಳುಗಳನ್ನೂ ಎತ್ತುಗಳನ್ನೂ ಊರಿಗೆ ಅಟ್ಟಿದ. ತಾನು ಹೋಗಲಿಲ್ಲ. ಹೆಂಡತಿ ಮಕ್ಕಳು ಹುಡುಕಿಕೊಂಡು ಬಂದಾಗ ಅವನು ಯಾರೋ ದಾರಿಹೋಕನ ಬುರುಡೆ ತೊಳೆಯುತ್ತಿದ್ದ, ನೀರು ತುಂಬಿ ತಾನು ಮೊದಲು ಕುಡಿದು ಕೊಡುತ್ತಿದ್ದ ಎನ್ನುತ್ತಾರೆ. ಅಲ್ಲಿಂದ ಈಚೆಗೆ ಛತ್ರ ಆ ಮನೆತನದ್ದೇ. ಹೇಳುವವರು ಹೇಳುತ್ತಾರೆ, ಬಾವಿ ಕೈತಪ್ಪಬಾರದೆಂದು ಸೆಟ್ಟಿ ಕಟ್ಟಿದ ಕಥೆ ಇದು ಎಂದು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಳ್ಳುವ ಕಥೆಯನ್ನು ಯಾವ ಸೆಟ್ಟಿ ಕಟ್ಟುತ್ತಾನೆ ಹೇಳಿ?

ಈಗ ಹೋದರೂ ನೋಡಬಹುದು. ಬಾವಿಯ ಪಕ್ಕದಲ್ಲಿ ಮೊಣಕಾಲೆತ್ತರದ ಕಲ್ಲು, ಅದರಲ್ಲಿ ಬುರುಡೆ ಎತ್ತಿ ಕುಡಿಯುತ್ತಿರುವ ಹೆಂಗಸಿನ ರೂಪ, ಮೂಗು ಕಣ್ಣು ಸವೆದುಹೋಗಿವೆ. ಬಾವಿ ಮುಚ್ಚಲು ತಂದ ಕಲ್ಲುಗಳು ಗೋಡೆಯ ಬದಿಗೆ ಸಾಲಾಗಿವೆ. ಸವಾರರು ಅವುಗಳ ಮೇಲೆ ಕೂತು ಕಾಲು ಚಾಚುತ್ತಾರೆ. ಆ ಹುಬ್ಬಳ್ಳಿಯ ಹುಡುಗಿಯೂ ಅಲ್ಲೇ ಕೂತು ಕಥೆ ಕೇಳಿದವಳು, ಮುಗಿದ ಮೇಲೆ ಎದ್ದು ಹೋಗಿ ಬಾಟಲಿಯನ್ನು ಗುರುಶಾಂತಪ್ಪನಿಗೆ ಚಾಚಿದಳು. "ತುಂಬಿ ಕೊಡ್ರಿ ಅಣ್ಣಾ. ನೀವು ಕುಡಿದು ತೋರಿಸೋದು ಬ್ಯಾಡ. ನಾ ನಂಬ್ತೀನಿ" ಎಂದಳು.

ಗುರುಶಾಂತಪ್ಪ ಬಾಟಲಿ ತೊಳೆದು ನೀರು ತುಂಬಿದ. "ನೀವು ನಂಬ್ತೀರವ್ವ" ಎಂದ. "ಅವತ್ತು ನಮ್ಮಜ್ಜ ನಂಬಲಿಲ್ಲ."

ಎತ್ತಿ ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಕೊಟ್ಟ.